ಆರು ಕಪ್ಪು ಫ್ರೇಮ್: ಒಂದು ಹಾರರ್ ಗೇಮನ್ನು ಕಿರು ಅನಿಮೆ ಮಾಡಿದ ಕೆಲಸದ ಡೈರಿ

'ಎಸ್‌ಸಿಪಿ ಕಂಟೇನ್‌ಮೆಂಟ್ ಬ್ರೀಚ್' ಎಂಬ ಹಾರರ್ ಗೇಮ್ ಆಡಿದವರಿಗೆ ಪರದೆಯ ಕೆಳಗಿನ ಎಡಮೂಲೆ ಚೆನ್ನಾಗಿ ನೆನಪಿರುತ್ತದೆ. ಅಲ್ಲಿ ಒಂದು ಕಣ್ಣಿನ ಚಿಹ್ನೆ, ಪಕ್ಕದಲ್ಲಿ ಒಂದೊಂದೇ ಗೆರೆ ಕರಗುತ್ತಾ ಹೋಗುವ ಮೀಟರ್. ಅದು ಖಾಲಿಯಾದ ಕೂಡಲೇ ನಮ್ಮ ಪಾತ್ರ ಕಣ್ಣು ಮಿಟುಕಿಸುತ್ತದೆ. ಪರದೆ ಒಂದು ಕ್ಷಣ ಕಪ್ಪಾಗುತ್ತದೆ. ಎದುರಿಗೆ ಆ ಕಾಂಕ್ರೀಟ್ ಪ್ರತಿಮೆ ಇದ್ದರೆ, ಕಣ್ಣು ಬಿಡುವಷ್ಟರಲ್ಲಿ ಅದು ಹತ್ತಿರ ಬಂದಿರುತ್ತದೆ. ನೋಡುತ್ತಾ ಇದ್ದರೆ ಕದಲುವುದಿಲ್ಲ. ನೋಡುವುದು ಬಿಟ್ಟರೆ ಕುತ್ತಿಗೆ ಮುರಿಯುತ್ತದೆ.

2012ರಲ್ಲಿ ಫಿನ್ಲೆಂಡಿನ ಯೋನಾಸ್ ರಿಕ್ಕೊನೆನ್ ಬ್ಲಿಟ್ಜ್3ಡಿ ಎಂಬ ಹಳೇ ಎಂಜಿನ್‌ನಲ್ಲಿ ಕಟ್ಟಿ ಪುಕ್ಕಟೆ ಬಿಟ್ಟ ಗೇಮ್ ಇದು. ಗ್ರಾಫಿಕ್ಸ್ ಆಗಿನ ಕಾಲಕ್ಕೇ ಸಾಧಾರಣ. ಆದರೂ ಹೆದರಿಕೆ ಮಾತ್ರ ಅಸಲಿ. ಯಾಕೆಂದರೆ ಕಣ್ಣು ನಮ್ಮ ಕೈಯಲ್ಲಿದೆ. ಮೀಟರ್ ಖಾಲಿಯಾಗುವ ಮೊದಲೇ ಸ್ಪೇಸ್‌ಬಾರ್ ಒತ್ತಿ ನಾವೇ ಮಿಟುಕಿಸಬಹುದು. ಈಗ ಮಿಟುಕಿಸಲಾ, ಇನ್ನೆರಡು ಹೆಜ್ಜೆ ಹೋಗಿ ಮಿಟುಕಿಸಲಾ? ಈ ಲೆಕ್ಕಾಚಾರವೇ ಇಡೀ ಗೇಮ್.

ಅನಿಮೆಯಲ್ಲಿ, ಅಂದರೆ ಜಪಾನಿ ಶೈಲಿಯ ಅನಿಮೇಷನ್‌ನಲ್ಲಿ, ನೋಡುವವರ ಕೈಯಲ್ಲಿ ಏನೂ ಇರುವುದಿಲ್ಲ. ಸ್ಪೇಸ್‌ಬಾರ್ ಒತ್ತಿದರೆ ವಿಡಿಯೋ ನಿಲ್ಲುತ್ತದೆ, ಅಷ್ಟೆ. ಹಾಗಾದರೆ ಮಿಟುಕಿಸುವವರು ಯಾರು? ನಾನು ಕೊಟ್ಟುಕೊಂಡ ಉತ್ತರ: ಕಟ್. ಎರಡು ಶಾಟ್‌ಗಳ ನಡುವಿನ ಕತ್ತರಿಯೇ ರೆಪ್ಪೆ. ಮೂರು ಮೂರು ನಿಮಿಷದ ನಾಲ್ಕು ಕಂತಿನ ಈ ಕೆಲಸ ಪೂರ್ತಿ ಇದೊಂದರ ಮೇಲೆ ನಿಂತಿದೆ. ಮೂರು ಕಂತು ಮುಗಿದಿವೆ, ನಾಲ್ಕನೆಯದು ಸ್ಟೋರಿಬೋರ್ಡ್‌ನಲ್ಲಿದೆ. ಬಿಡಿಸುವವನು ನಾನೊಬ್ಬನೇ. ಧ್ವನಿಗೆ ಗೆಳೆಯರಿದ್ದಾರೆ. ಸಾಮಾನು ಅಂದರೆ ಮನೆಯ ಕಂಪ್ಯೂಟರ್ ಮತ್ತು ಪರದೆ ಇಲ್ಲದ ಅಗ್ಗದ ಪೆನ್ ಟ್ಯಾಬ್ಲೆಟ್.

ಮೊದಲು ಲೈಸೆನ್ಸ್

ಹಾರರ್ ಗೇಮ್ ಅಂದ ಕೂಡಲೇ ಬಾಯಿಗೆ ಬರುವ ದೊಡ್ಡ ಹೆಸರುಗಳನ್ನು ಮುಟ್ಟುವ ಧೈರ್ಯ ನನಗಿಲ್ಲ. ಅವುಗಳ ಹಿಂದೆ ಕಂಪನಿಗಳಿವೆ, ವಕೀಲರಿದ್ದಾರೆ. ಅಭಿಮಾನಿ ಮಾಡಿದ್ದು ಅಂತ ಸುಮ್ನೆ ಬಿಡಬಹುದು, ಬಿಡದೆಯೂ ಇರಬಹುದು. ತಿಂಗಳುಗಟ್ಟಲೆ ಕೂತು ಬಿಡಿಸಿದ್ದು ಒಂದು ಇಮೇಲ್‌ಗೆ ಮಾಯವಾಗುವುದು ಬೇಡ ಅನ್ನಿಸಿತು.

ಈ ಗೇಮ್ ಬೇರೆ ಥರ. ಇದರ ಮೂಲ ಒಂದು ಪುಟ್ಟ ಬರಹ. 2007ರಲ್ಲಿ 4ಚಾನ್ ಎಂಬ ಚರ್ಚಾ ತಾಣದ ಅತೀಂದ್ರಿಯ ವಿಷಯಗಳ ಬೋರ್ಡಿನಲ್ಲಿ ಯಾರೋ ಎಸ್‌ಸಿಪಿ-173 ಎಂಬ ವಸ್ತುವಿನ, ಅಂದರೆ ಆ ಪ್ರತಿಮೆಯ, ಬಗ್ಗೆ ಸರ್ಕಾರಿ ಕಡತದ ಶೈಲಿಯಲ್ಲಿ ಬರೆದು ಹಾಕಿದರು. ಬರೆದವರು ಮೋಟೋ42 ಎಂಬ ಹೆಸರಿನಲ್ಲಿ ಗುರುತಿಸಿಕೊಂಡವರು. ಅದನ್ನು ನೋಡಿ ಬೇರೆಯವರೂ ಬರೆದರು, ವಿಚಿತ್ರ ವಸ್ತುಗಳನ್ನು ಹಿಡಿದು ಕೂಡಿಹಾಕುವ ಎಸ್‌ಸಿಪಿ ಎಂಬ ಕಾಲ್ಪನಿಕ ಗುಪ್ತ ಸಂಸ್ಥೆಯ ಕಡತಗಳು ಅನ್ನುವಂತೆ. 2008ರಲ್ಲಿ ವಿಕಿಡಾಟ್‌ನಲ್ಲಿ ಅದಕ್ಕೊಂದು ವಿಕಿಯಾಯಿತು. ಅಲ್ಲಿನ ಬರಹಗಳೆಲ್ಲ ಕ್ರಿಯೇಟಿವ್ ಕಾಮನ್ಸ್ ಸಿಸಿ ಬಿವೈ-ಎಸ್‌ಎ 3.0 ಲೈಸೆನ್ಸ್‌ನಲ್ಲಿವೆ. ಗೇಮ್ ಕೂಡ ಅದರಲ್ಲೇ ಇದೆ. ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಬದಲಿಸಿ ಹೊಸದು ಮಾಡಬಹುದು. ಷರತ್ತು ಎರಡು. ಮೂಲ ಬರೆದವರ ಹೆಸರು ಹಾಕಬೇಕು. ನಾವು ಮಾಡಿದ್ದನ್ನೂ ಅದೇ ಲೈಸೆನ್ಸ್‌ನಲ್ಲಿ ಬಿಡಬೇಕು. ಎರಡನೆಯದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ. ನನ್ನ ಕಂತುಗಳನ್ನು ನಾಳೆ ಯಾರಾದರೂ ಕತ್ತರಿಸಿ, ಬೇರೆ ಸಂಗೀತ ಹಾಕಿ, ಮಾರಿದರೂ ನಾನು ಬೇಡ ಅನ್ನುವ ಹಾಗಿಲ್ಲ. ನನಗೆ ಅದು ಒಪ್ಪಿಗೆ.

ಒಂದೇ ಒಂದು ಕಡೆ ಮುಳ್ಳಿದೆ. 173 ಅಂದರೆ ಎಲ್ಲರ ಕಣ್ಮುಂದೆ ಬರುವ ಆ ಮುಖ ಇದೆಯಲ್ಲ, ಅದು ಈ ಲೈಸೆನ್ಸ್‌ಗೆ ಸೇರಿದ್ದಲ್ಲ. ಅದು ಜಪಾನಿನ ಕಲಾವಿದ ಕಾಟೋ ಇಝುಮಿ ಅವರ 2004ರ ಶಿಲ್ಪ. ಅದರ ಫೋಟೋವನ್ನು ಬರಹದ ಜೊತೆ ಕೇಳದೆ ಬಳಸಿದ್ದರು. ವರ್ಷಗಟ್ಟಲೆ ಅಲ್ಲೇ ಇತ್ತು. ಕೊನೆಗೆ 2022ರ ಫೆಬ್ರವರಿಯಲ್ಲಿ ವಿಕಿಯವರೇ ಆ ಪುಟದಿಂದ ಚಿತ್ರ ತೆಗೆದರು. ಈಗ 173ಕ್ಕೆ ಅಧಿಕೃತ ಮುಖವೇ ಇಲ್ಲ. ಆದ್ದರಿಂದ ಪ್ರತಿಮೆಯನ್ನು ಹೊಸದಾಗಿ ಕಟ್ಟಲೇಬೇಕಿತ್ತು.

ಪ್ರತಿಮೆ

ಮೂಲ ಬರಹ ಹೇಳುವುದು ಇಷ್ಟು: ಕಾಂಕ್ರೀಟ್, ಒಳಗೆ ಕಬ್ಬಿಣದ ಸರಳು, ಮೇಲೆ ಸ್ಪ್ರೇ ಪೇಂಟ್‌ನ ಗುರುತು. ಉಳಿದದ್ದು ನಮಗೆ ಬಿಟ್ಟದ್ದು.

ಮಾದರಿಗೆ ದೂರ ಹೋಗಬೇಕಾಗಲಿಲ್ಲ. ನಮ್ಮ ಬೀದಿಯ ಅರ್ಧ ಮನೆಗಳ ತಾರಸಿ ಮೇಲೆ ಪಿಲ್ಲರ್‌ನಿಂದ ತುಕ್ಕು ಹಿಡಿದ ಸರಳುಗಳು ಎದ್ದು ನಿಂತಿವೆ. ಮುಂದೆ ದುಡ್ಡಾದಾಗ ಮೇಲ್ಮಹಡಿ ಕಟ್ಟೋಣ ಅಂತ ಬಿಟ್ಟದ್ದು. ಅವುಗಳ ಫೋಟೋ ತೆಗೆದುಕೊಂಡೆ. ವೈಬ್ರೇಟರ್ ಸರಿಯಾಗಿ ಹಾಕದ ಪಿಲ್ಲರ್‌ನಲ್ಲಿ ಜಲ್ಲಿ ಹೊರಗೆ ಕಾಣುತ್ತದೆ, ನಡುವೆ ತೂತು ತೂತು. ಮೇಸ್ತ್ರಿಗಳು ಅದನ್ನು ಹನಿಕೂಂಬ್ ಅಂತಾರೆ. ನನ್ನ ಪ್ರತಿಮೆಗೆ ಕಣ್ಣಿಲ್ಲ. ಕಣ್ಣಿರಬೇಕಾದ ಕಡೆ ಜಲ್ಲಿ ಉದುರಿದ ಅಂಥ ಎರಡು ಗುಳಿಗಳಿವೆ. ಸೆಂಟ್ರಿಂಗ್ ಹಲಗೆಯ ಅಚ್ಚು ಮೈಮೇಲೆ ಅಡ್ಡಗೆರೆಯಾಗಿ ಉಳಿದಿದೆ. ಭುಜದಲ್ಲಿ ಕೈಯ ಬದಲು ನಾಲ್ಕು ಸರಳು, ತುದಿ ಸ್ವಲ್ಪ ಬಾಗಿದೆ. ತುಕ್ಕಿನ ನೀರು ಇಳಿದ ಕಂದು ಗೆರೆಗಳು ಗುಳಿಗಳಿಂದ ಗಲ್ಲದವರೆಗೆ. ಅಳುತ್ತಿದೆ ಅನ್ನಿಸಬಾರದು, ಸೋರುತ್ತಿದೆ ಅನ್ನಿಸಬೇಕು. ಅದಕ್ಕೆ ಎರಡು ಗೆರೆಗಳ ಉದ್ದವನ್ನು ಬೇರೆ ಬೇರೆ ಮಾಡಿದೆ.

ಇದನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಒರಟಾಗಿ ಮಾಡೆಲ್ ಮಾಡಿ ಇಟ್ಟುಕೊಂಡೆ. ಬರೀ ಅಳತೆಗೆ, ಅಂತಿಮ ಚಿತ್ರಕ್ಕಲ್ಲ.

ಕಥೆ ಎಲ್ಲಿದೆ?

ಗೇಮ್‌ನಲ್ಲಿ ಕಥೆ ಕಮ್ಮಿ. ಡಿ-9341 ಎಂಬ ಕೈದಿಯನ್ನು ಸೆಲ್‌ನಿಂದ ಕರೆದೊಯ್ಯುತ್ತಾರೆ. 173 ಇರುವ ಕೋಣೆಗೆ ಕಳಿಸುತ್ತಾರೆ. ಬಾಗಿಲು ಕೈಕೊಡುತ್ತದೆ, ದೀಪ ಆರುತ್ತದೆ, ಜೊತೆಗಿದ್ದವರು ಸಾಯುತ್ತಾರೆ. ಆಮೇಲೆ ಹೊರಗೆ ಹೋಗುವ ದಾರಿ ಹುಡುಕಬೇಕು. ಅಲ್ಲಿಂದ ಮುಂದೆ ನಕ್ಷೆ ಪ್ರತಿ ಸಲ ಬೇರೆ. ಸೀಡ್ ಎಂಬ ಒಂದು ಪದ ಕೊಟ್ಟರೆ ಅದಕ್ಕೆ ತಕ್ಕ ಹಾಗೆ ಕೋಣೆಗಳನ್ನು ಗೇಮ್ ತಾನೇ ಜೋಡಿಸುತ್ತದೆ. ಒಂದೇ ಸೀಡ್ ಕೊಟ್ಟರೆ ಅದೇ ನಕ್ಷೆ ಮತ್ತೆ ಬರುತ್ತದೆ. ಇದು ಶಾಟ್‌ಗಳ ಲೇಔಟ್ ಮಾಡುವವನಿಗೆ ವರ. ಒಂದು ಸೀಡ್ ಹಿಡಿದುಕೊಂಡು, ಓಡಾಡಿ, ಕಾಗದದ ಮೇಲೆ ನಕ್ಷೆ ಬರೆದೆ. ಯಾವ ಕಾರಿಡಾರ್‌ನ ಕೊನೆಯಲ್ಲಿ ಯಾವ ಬಾಗಿಲು ಅಂತ ಗೊತ್ತಿದ್ದರೆ, ಪಾತ್ರ ಎಡಕ್ಕೆ ಹೋಗಿ ಮುಂದಿನ ಶಾಟ್‌ನಲ್ಲಿ ಬಲದಿಂದ ಬರುವ ಗೊಂದಲ ಇರುವುದಿಲ್ಲ.

ದೊಡ್ಡ ತಲೆನೋವು ಬೇರೆ. ಗೇಮ್‌ನಲ್ಲಿ ನಾವು ಸಾಯುತ್ತಲೇ ಇರುತ್ತೇವೆ. ಸತ್ತು, ಲೋಡ್ ಮಾಡಿ, ಮತ್ತೆ ಹೋಗುತ್ತೇವೆ. ಸರಣಿಯಲ್ಲಿ ನಾಯಕ ಒಂದೇ ಸಲ ಸಾಯಬಹುದು, ಅಲ್ವಾ?

ಈ ಕಷ್ಟ ಹೊಸದೇನಲ್ಲ. 'ಕಾರ್ಪ್ಸ್ ಪಾರ್ಟಿ' 1996ರಲ್ಲಿ ಪಿಸಿ-98 ಕಂಪ್ಯೂಟರಿಗೆ ಬಂದ ಹಾರರ್ ಗೇಮ್. 2013ರಲ್ಲಿ ಅಸ್‌ರೀಡ್ ಸ್ಟುಡಿಯೋ ಅದನ್ನು ನಾಲ್ಕು ಕಂತಿನ ಓವಿಎ (ಟಿವಿಗಲ್ಲದೆ ನೇರ ಡಿಸ್ಕ್‌ನಲ್ಲಿ ಬಿಡುವ ಅನಿಮೆ) ಮಾಡಿತು. ಗೇಮ್‌ನಲ್ಲಿ ತಪ್ಪು ಹೆಜ್ಜೆ ಇಟ್ಟರೆ 'ರಾಂಗ್ ಎಂಡ್' ಬರುತ್ತದೆ. ಆ ಸಾವಿಗೆ ನೀವೇ ಹೊಣೆ, ಅದಕ್ಕೇ ಅದು ಚುಚ್ಚುತ್ತದೆ. ಓವಿಎಯಲ್ಲಿ ಸಾವು ಬಂದು ಬಡಿಯುತ್ತದೆ, ನೀವು ನೋಡುತ್ತೀರಿ. ರಕ್ತ ಜಾಸ್ತಿ, ಭಯ ಕಮ್ಮಿ. ನನ್ನ ಅಭಿಪ್ರಾಯ ಅಷ್ಟೆ. ಅದನ್ನು ಇಷ್ಟಪಡುವವರೂ ಬಹಳ ಜನ ಇದ್ದಾರೆ.

ನಾನು ಸಾವನ್ನು ಮುಚ್ಚಿಡದೆ ಅದನ್ನೇ ಕಥೆ ಮಾಡಿದೆ. ಪ್ರತಿ ಕಂತಿನ ಕೊನೆಗೆ ಡಿ-9341 ಸಾಯುತ್ತಾನೆ. ಮುಂದಿನ ಕಂತು ಅದೇ ಸೆಲ್‌ನಲ್ಲಿ, ಅದೇ ಶಾಟ್‌ನಿಂದ ಶುರುವಾಗುತ್ತದೆ. ಯಾರೂ ಏನೂ ವಿವರಿಸುವುದಿಲ್ಲ. ಎರಡನೇ ಕಂತಿನಲ್ಲಿ ಬಾಗಿಲು ತೆರೆಯುವ ಮೊದಲೇ ಅವನ ಕಣ್ಣು ಅಗಲವಾಗಿರುತ್ತದೆ. ಮೂರನೆಯದರಲ್ಲಿ ಗಾರ್ಡ್ ಬರುವ ಮೊದಲೇ ಎದ್ದು ನಿಂತಿರುತ್ತಾನೆ.

ಇದರಿಂದ ಕೈಗೆ ದೊಡ್ಡ ಉಳಿತಾಯವೂ ಆಯಿತು. ಜಪಾನಿನ ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ಅವರ 'ತೆತ್ಸುವಾನ್ ಆಟಮ್' (ಆಸ್ಟ್ರೋ ಬಾಯ್) 1963ರ ಜನವರಿ 1ರಂದು ಟಿವಿಯಲ್ಲಿ ಶುರುವಾದಾಗ ವಾರಕ್ಕೊಂದು ಅರ್ಧ ಗಂಟೆಯ ಕಂತು ಕೊಡಬೇಕಿತ್ತು. ಕೈಯಲ್ಲಿ ದುಡ್ಡೂ ಇಲ್ಲ, ಸಮಯವೂ ಇಲ್ಲ. ಆಗ ಅವರು ಹಿಡಿದ ದಾರಿಗಳು ಇವತ್ತಿಗೂ ಅನಿಮೆಯ ವ್ಯಾಕರಣ: ಮೂರು ಫ್ರೇಮಿಗೆ ಒಂದೇ ಚಿತ್ರ, ಮುಖ ನಿಂತಿರುವಾಗ ಬಾಯಿ ಮಾತ್ರ ಅಲ್ಲಾಡಿಸುವುದು, ಒಮ್ಮೆ ಬರೆದದ್ದನ್ನು ಎತ್ತಿಟ್ಟು ಮತ್ತೆ ಮತ್ತೆ ಬಳಸುವುದು. ಕೊನೆಯದಕ್ಕೆ 'ಬ್ಯಾಂಕ್' ಅಂತ ಹೆಸರು. ನನ್ನ ಸೆಲ್ ಬಾಗಿಲು, ಗಾರ್ಡ್‌ನ ಬೂಟು, ಕಾರಿಡಾರ್ ನಡಿಗೆ ಎಲ್ಲ ಬ್ಯಾಂಕಿನಲ್ಲಿವೆ. ಬೇರೆ ಸರಣಿಯಲ್ಲಿ ಒಂದೇ ಶಾಟ್ ಮತ್ತೆ ಬಂದರೆ ನೋಡುವವರು ಮೂಗು ಮುರಿಯುತ್ತಾರೆ. ಇಲ್ಲಿ ಮತ್ತೆ ಬಂದಾಗಲೇ ಹೊಟ್ಟೆಯಲ್ಲಿ ತಳಮಳ ಶುರುವಾಗಬೇಕು.

ಎಸ್‌ಸಿಪಿ-096 ಅನ್ನು ಕೈಬಿಟ್ಟೆ. ಮುಖ ನೋಡಿದವರನ್ನು ಅಟ್ಟಿಸಿಕೊಂಡು ಬರುವ ಪ್ರಾಣಿ ಅದು. ಓಟ ಬಿಡಿಸುವಷ್ಟು ಜೀವ ನನ್ನಲ್ಲಿಲ್ಲ.

ಟೈಮ್‌ಶೀಟ್

ಈಗ ನಿಜವಾದ ಕೆಲಸ. ಟೈಮ್‌ಶೀಟ್ ಅಂದರೆ ಯಾವ ಫ್ರೇಮ್‌ನಲ್ಲಿ ಯಾವ ಚಿತ್ರ ಅಂತ ಬರೆದಿಡುವ ಪಟ್ಟಿ.

ಸೆಕೆಂಡಿಗೆ 24 ಫ್ರೇಮ್. ಮೂರು ನಿಮಿಷಕ್ಕೆ 4,320. ಮೂರಕ್ಕೊಂದು ಚಿತ್ರ ಅಂದರೂ, ಎಲ್ಲವೂ ಚಲಿಸುತ್ತಲೇ ಇದ್ದರೆ ಕಂತಿಗೆ 1,440 ಚಿತ್ರ. ಒಬ್ಬನಿಗೆ ಆಗದ ಮಾತು. ಆದರೆ ಈ ಕಥೆಯ ರಾಕ್ಷಸ ನೋಡುವಾಗ ಅಲ್ಲಾಡುವುದೇ ಇಲ್ಲ! ಅನಿಮೇಟರ್‌ಗೆ ಇದಕ್ಕಿಂತ ಅಗ್ಗದ ಭೂತ ಸಿಗಲಾರದು. ಪ್ರತಿಮೆಗೆ ಬೇಕಾದ ಚಲನೆಯ ಚಿತ್ರಗಳು ಸೊನ್ನೆ. ಉಳಿದ ಶ್ರಮವನ್ನೆಲ್ಲ ಮನುಷ್ಯನ ಮುಖಕ್ಕೆ ಸುರಿಯಬಹುದು.

ಮನುಷ್ಯ ಒಮ್ಮೆ ಕಣ್ಣು ಮಿಟುಕಿಸಲು ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಹತ್ತನೇ ನಾಲ್ಕು ಭಾಗದವರೆಗೆ ಹಿಡಿಯುತ್ತದೆ. ಅಂದರೆ ಎರಡರಿಂದ ಹತ್ತು ಫ್ರೇಮ್. ಇದರೊಳಗೆ ಎಷ್ಟು ಕಪ್ಪು ಇಡಬೇಕು ಅಂತ ನೋಡಲು ಒಂದೇ ಶಾಟನ್ನು ಬೇರೆ ಬೇರೆ ಅಳತೆಯಲ್ಲಿ ಕತ್ತರಿಸಿ ಸಾಲಾಗಿ ಜೋಡಿಸಿದೆ. ಎರಡು ಫ್ರೇಮ್ ಇಟ್ಟರೆ ವಿಡಿಯೋ ತಡವರಿಸಿತು ಅನ್ನಿಸುತ್ತದೆ. ನಾಲ್ಕು ಪರವಾಗಿಲ್ಲ, ಆದರೆ ಸದ್ದಿಗೆ ಜಾಗ ಸಾಲದು. ಎಂಟು ದಾಟಿದರೆ ದೃಶ್ಯ ಬದಲಾಯಿತು ಅಂತ ಮನಸ್ಸು ಸಡಿಲವಾಗುತ್ತದೆ. ಆರು ಸರಿಯಾಗಿ ಕೂತಿತು. ಕಾಲು ಸೆಕೆಂಡ್, ಮೂರಕ್ಕೊಂದರ ಲೆಕ್ಕದಲ್ಲಿ ಎರಡು ಚಿತ್ರದ ಜಾಗ. ಶೀಟ್‌ನಲ್ಲಿ ಬರೆಯುವುದಕ್ಕೂ ಸಲೀಸು.

ಮೇಲಿಂದ ಕೆಳಗಿಂದ ರೆಪ್ಪೆ ಮುಚ್ಚುವ ಆಕಾರದ ವೈಪ್ ಬೇಡ ಅಂತ ನಿರ್ಧರಿಸಿದೆ. ಅದು ಮೂರ್ಛೆ ಹೋಗುವ ಸೀನಿಗೆ ಸರಿ. ಇಲ್ಲಿ ಫೇಡ್ ಕೂಡ ಇಲ್ಲ. ಚಿತ್ರ, ಕಪ್ಪು, ಚಿತ್ರ.

ಕಪ್ಪಿನ ಎರಡೂ ಕಡೆ ಕ್ಯಾಮೆರಾ ಒಂದು ಪಿಕ್ಸೆಲ್ ಕೂಡ ಕದಲಬಾರದು. ಹಿನ್ನೆಲೆ ಅದೇ, ಬೆಳಕು ಅದೇ. ಬದಲಾಗುವುದು ಪ್ರತಿಮೆಯೊಂದೇ. ಕ್ಯಾಮೆರಾ ಸ್ವಲ್ಪ ಅಲ್ಲಾಡಿದರೂ ಏನು ಬದಲಾಯಿತು ಅನ್ನುವುದು ಆ ಅಲ್ಲಾಟದಲ್ಲಿ ಕರಗಿಹೋಗುತ್ತದೆ. ಬ್ಲೆಂಡರ್‌ನಲ್ಲಿ ಕಾರಿಡಾರ್ ಕಟ್ಟಿ ಪ್ರತಿಮೆಯನ್ನು ಎಂಟು ಮೀಟರ್, ನಾಲ್ಕು ಮೀಟರ್, ಎರಡು, ಒಂದು ಅಂತ ನಿಲ್ಲಿಸಿದೆ. ದೂರ ಅರ್ಧವಾದರೆ ಪರದೆಯ ಮೇಲಿನ ಎತ್ತರ ಎರಡು ಪಟ್ಟು. ಪ್ರತಿ ನಿಲುಗಡೆಯ ಮೇಲೂ ಕ್ರಿಟಾ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರಿನಲ್ಲಿ ಕೈಯಿಂದ ಬಣ್ಣ ಹಚ್ಚಿದೆ. ಟ್ಯೂಬ್‌ಲೈಟಿನ ಕೆಳಗೆ ನಿಂತಾಗ ಗುಳಿಗಳು ಪೂರ್ತಿ ಕಪ್ಪು. ಎರಡು ಟ್ಯೂಬ್‌ಗಳ ನಡುವೆ ನಿಂತಾಗ ಒಳಗಿನ ಜಲ್ಲಿ ಕಾಣುತ್ತದೆ. ಇನ್ನೊಂದು: ಮೊದಲ ಮಿಟುಕಿಗೆ ಪ್ರತಿಮೆ ಹತ್ತಿರ ಬರುವುದಿಲ್ಲ. ಗೋಡೆ ನೋಡುತ್ತಿದ್ದದ್ದು ಈ ಕಡೆ ತಿರುಗಿರುತ್ತದೆ, ಅಷ್ಟೆ. ಅರ್ಧ ಜನ ಗಮನಿಸುವುದಿಲ್ಲ. ಗಮನಿಸಿದವರು ಪಕ್ಕದವರಿಗೆ ಹೇಳುತ್ತಾರೆ. ಅದು ಸಾಕು.

ಕಪ್ಪನ್ನು ಎಲ್ಲಿ ಹಾಕಬೇಕು? ಇದಕ್ಕೆ ಜಪಾನಿನ ಸಂಶೋಧಕರ 2009ರ ಒಂದು ಕೆಲಸ ಉಪಯೋಗಕ್ಕೆ ಬಂತು. ಒಂದೇ ವಿಡಿಯೋ ಕಥೆ ನೋಡುವ ಜನ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಕಣ್ಣು ಮಿಟುಕಿಸುತ್ತಾರಂತೆ. ಕಥೆಯಲ್ಲಿ ಒಂದು ಕ್ರಿಯೆ ಮುಗಿದು ಸಣ್ಣ ಬಿಡುವು ಸಿಕ್ಕಾಗ. ನಾನು ಅದನ್ನೇ ತಿರುಗಿಸಿದೆ. ಬಾಗಿಲಿನ ಬಟನ್ ಒತ್ತುತ್ತಾನೆ, ದೀಪ ಹಸಿರಾಗುತ್ತದೆ, ಅಬ್ಬಾ ಅನ್ನಿಸುತ್ತದೆ. ಅಲ್ಲಿ ಆರು ಫ್ರೇಮ್ ಕಪ್ಪು. ನೋಡುವವರೂ ಅದೇ ಹೊತ್ತಿಗೆ ರೆಪ್ಪೆ ಬಡಿದಿದ್ದರೆ ಕಪ್ಪು ಅವರಿಗೆ ಕಾಣಿಸಲೂ ಇಲ್ಲ. ಕಣ್ಣು ಬಿಟ್ಟಾಗ ಪ್ರತಿಮೆ ದೊಡ್ಡದಾಗಿದೆ.

ಕಣ್ಣಿನ ಕ್ಲೋಸಪ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಡೀ ಸರಣಿಯಲ್ಲಿ ಪ್ರತಿ ಫ್ರೇಮಿಗೂ ಹೊಸ ಚಿತ್ರ ಬಿಡಿಸಿದ್ದು ಇಲ್ಲಿ ಮಾತ್ರ. ಕೆಳರೆಪ್ಪೆ ನಡುಗುವುದನ್ನು ಮೂರಕ್ಕೊಂದರಲ್ಲಿ ಬಿಡಿಸಿದರೆ ಅದು ನಡುಕ ಆಗುವುದಿಲ್ಲ, ಕುಣಿತ ಆಗುತ್ತದೆ. ಕೆಳರೆಪ್ಪೆಯ ಅಂಚಿನಲ್ಲಿ ತೆಳುವಾದ ನೀರಿನ ಗೆರೆ, ಅದರ ಮೇಲೆ ಟ್ಯೂಬ್‌ಲೈಟಿನ ಉದ್ದನೆಯ ಬಿಳಿ ಚುಕ್ಕೆ. ನೀರು ತುಂಬಿದಂತೆ ಆ ಚುಕ್ಕೆ ಮೂಗಿನ ಕಡೆಗೆ ಜಾರಿ, ದಪ್ಪಗಾಗಿ, ಒಡೆಯುತ್ತದೆ. ಬಿಳಿಗುಡ್ಡೆ ನಿಧಾನಕ್ಕೆ ಕೆಂಪಾಗಬೇಕು. ಅದಕ್ಕೆ ಮತ್ತೆ ಬಿಡಿಸಲಿಲ್ಲ. ಓಪನ್‌ಟೂನ್ಜ್‌ನಲ್ಲಿ ಪ್ಯಾಲೆಟ್‌ಗೇ ಕೀಫ್ರೇಮ್ ಹಾಕಬಹುದು, ಅಂದರೆ ಶುರುವಿನ ಬಣ್ಣ ಮತ್ತು ಕೊನೆಯ ಬಣ್ಣವನ್ನು ಗುರುತು ಮಾಡಿಟ್ಟರೆ ಸಾಕು. ಬಣ್ಣ ತಾನಾಗಿ ಬದಲಾಗುತ್ತದೆ, ಗೆರೆ ಹಾಗೇ ಇರುತ್ತದೆ.

ಓಪನ್‌ಟೂನ್ಜ್ ಅಂದರೆ ಇಟಲಿಯಲ್ಲಿ ಹುಟ್ಟಿ, ಘಿಬ್ಲಿ ಸ್ಟುಡಿಯೋ ಬಳಸಿ, 2016ರಲ್ಲಿ ದ್ವಾಂಗೋ ಕಂಪನಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್. ಅದರ ಟೈಮ್‌ಶೀಟ್, ಅಂದರೆ ಎಕ್ಸ್‌ಶೀಟ್, ಮೇಲಿಂದ ಕೆಳಗೆ ಓಡುತ್ತದೆ, ಜಪಾನಿನ ಕಾಗದದ ಟೈಮ್‌ಶೀಟ್ ಓಡುವ ದಿಕ್ಕಿನಲ್ಲೇ. ಹೊಸದಾಗಿ ಶುರು ಮಾಡುವವರಿಗೆ ಒಂದು ಎಚ್ಚರಿಕೆ: ಸೀನ್ ಸೇವ್ ಮಾಡಿದರೆ ಚಿತ್ರಗಳೂ ಸೇವ್ ಆದವು ಅಂದುಕೊಳ್ಳಬೇಡಿ. ಸೀನ್ ಬೇರೆ, ಚಿತ್ರಗಳಿರುವ ಲೆವೆಲ್ ಬೇರೆ. 'ಸೇವ್ ಆಲ್' ಒತ್ತುವ ಅಭ್ಯಾಸ ಮಾಡಿಕೊಳ್ಳಿ. ಕರೆಂಟ್ ಹೇಳಿ ಹೋಗುವುದಿಲ್ಲ.

ಕ್ಯಾಮೆರಾ ಯಾರ ಕಣ್ಣು?

ಗೇಮ್ ಪೂರ್ತಿ ಡಿ-9341ರ ಕಣ್ಣಿನಿಂದಲೇ ನಡೆಯುತ್ತದೆ. ಅನಿಮೆಯನ್ನೂ ಹಾಗೇ ಮಾಡಿದರೆ ಅವನ ಮುಖವೇ ಕಾಣುವುದಿಲ್ಲ. ಹೊರಗಿನಿಂದ ತೋರಿಸಿದರೆ ಇನ್ನೊಂದು ಪ್ರಶ್ನೆ. ಅವನು ಬೆನ್ನು ತಿರುಗಿಸಿದ್ದಾನೆ, ಪ್ರತಿಮೆ ಫ್ರೇಮ್‌ನಲ್ಲಿದೆ. ಈಗ ಅದು ಚಲಿಸಬಹುದಾ?

ನನ್ನ ನಿಯಮ: ಫ್ರೇಮ್‌ನಲ್ಲಿ ಪ್ರತಿಮೆ ಕಂಡರೆ ಅದು ಸ್ಥಿರ. ಪಾತ್ರ ನೋಡದಿದ್ದರೂ ನೀವು ನೋಡುತ್ತಿದ್ದೀರಲ್ಲ. ನಿಮ್ಮ ಕಣ್ಣನ್ನೂ ಎಣಿಕೆಗೆ ಹಿಡಿದಿದ್ದೇನೆ. ಇದನ್ನು ಎಲ್ಲೂ ಹೇಳುವುದಿಲ್ಲ. ಮೊದಲ ಕಂತಿನ ಮಧ್ಯದಲ್ಲಿ ಅವನು ಬೆನ್ನು ಮಾಡಿ ಬಾಗಿಲು ತೆಗೆಯಲು ಹೆಣಗುವ ಉದ್ದದ ಶಾಟ್ ಇದೆ. ಹಿಂದೆ ಪ್ರತಿಮೆ ನಿಂತಿದೆ. ಕಟ್ ಇಲ್ಲ. ಏನೂ ಆಗುವುದಿಲ್ಲ. ಆಮೇಲೆ ಕ್ಯಾಮೆರಾ ಅವನ ಕೈಯ ಕ್ಲೋಸಪ್‌ಗೆ ಹೋಗುತ್ತದೆ. ಅಲ್ಲಿ ಗೊತ್ತಾಗುತ್ತದೆ, ನಾವು ನೋಡುವುದು ಬಿಟ್ಟೆವು ಅಂತ.

ಎರಡನೇ ಕಂತು ಲಿಫ್ಟ್‌ನಲ್ಲಿ ನಡೆಯುತ್ತದೆ. ಇದು ಗೇಮ್‌ಗಿಂತ ಮೂಲ ಬರಹಕ್ಕೆ ಹತ್ತಿರ. ಕೋಣೆಯೊಳಗೆ ಹೋಗುವವರು ಮಿಟುಕಿಸುವ ಮೊದಲು ಒಬ್ಬರಿಗೊಬ್ಬರು ಹೇಳಬೇಕು ಅನ್ನುವ ನಿಯಮ ಅಲ್ಲಿದೆ. ಲಿಫ್ಟ್‌ನಲ್ಲಿ ಡಿ-9341 ಮತ್ತು ಗಾರ್ಡ್, ಮೂಲೆಯಲ್ಲಿ ಪ್ರತಿಮೆ.

"ಮಿಟುಕಿಸ್ತೀನಿ."

"ಹೂಂ, ನೋಡ್ತಿದ್ದೀನಿ."

"ಆಯ್ತು. ಈಗ ನೀನು."

ಇಷ್ಟೇ ಸಂಭಾಷಣೆ, ಕಂತಿನ ಉದ್ದಕ್ಕೂ. ಮೊದಲು ಪ್ರತಿ ಸರದಿಗೆ ನಾಲ್ಕು ಸೆಕೆಂಡ್. ಆಮೇಲೆ ಮೂರೂವರೆ. ಕಣ್ಣು ಉರಿದಂತೆ ಕಮ್ಮಿಯಾಗುತ್ತಾ ಎರಡಕ್ಕೆ ಇಳಿಯುತ್ತದೆ. ನೋಡುವವರು ಆ ಗತಿಗೆ ಹೊಂದಿಕೊಂಡ ಮೇಲೆ ಗಾರ್ಡ್ "ಮಿಟುಕಿಸ್ತೀನಿ" ಅನ್ನುತ್ತಾನೆ, ಉತ್ತರ ಬರುವುದಿಲ್ಲ. ಯಾಕೆ ಬರಲಿಲ್ಲ ಅನ್ನುವುದಕ್ಕೆ ಕಾರಣ ತೋರಿಸಿಲ್ಲ. ಲಿಫ್ಟ್‌ನ ದೀಪ ಒಮ್ಮೆ ಹೊಯ್ದಾಡಿರುತ್ತದೆ ಅಷ್ಟೆ.

ಗಾರ್ಡ್‌ಗೆ ಧ್ವನಿ ಕೊಟ್ಟ ಗೆಳೆಯ ಧಾರವಾಡದ ಕಡೆಯವನು. ಸ್ಕ್ರಿಪ್ಟ್ ಓದಿ ಬಹಳ ಪೇಲವ ಅಂದ. ಅವನ ಮಾತಿನಲ್ಲೇ ಹೇಳು ಅಂದೆ. "ಏ, ಮುಂದ ನಡಿ. ಹಿಂದ ಹೊಳ್ಳಿ ನೋಡಬ್ಯಾಡ." ಒಂದೇ ಟೇಕ್. ಧ್ವನಿವರ್ಧಕದ ದನಿ ಮಾತ್ರ ಭಾವನೆಯೇ ಇಲ್ಲದೆ ಬೇಕಿತ್ತು. ರೈಲ್ವೆ ಸ್ಟೇಷನ್‌ನಲ್ಲಿ ಗಾಡಿ ತಡವಾಗಿದೆ ಅಂತ ಹೇಳುವ ಹೆಂಗಸಿನ ದನಿಯಂತೆ. ಊರೇ ಹೊತ್ತಿ ಉರಿದರೂ ಆ ದನಿ ಏರುವುದಿಲ್ಲ.

ಸದ್ದು

ಗೇಮ್‌ನ ಒಂದೇ ಒಂದು ಆಡಿಯೋ ಫೈಲ್ ಮುಟ್ಟಲಿಲ್ಲ. ಅದರೊಳಗೆ ಯಾವ ಸದ್ದು ಎಲ್ಲಿಂದ ಬಂತು ಅಂತ ಒಂದೊಂದಾಗಿ ಹುಡುಕುವುದಕ್ಕಿಂತ ಮನೆಯಲ್ಲೇ ಮಾಡಿಕೊಳ್ಳುವುದು ಬೇಗ.

ಪ್ರತಿಮೆ ಎಳೆದುಕೊಂಡು ಬರುವ ಸದ್ದು ಅಂದರೆ ಅಜ್ಜಿಯ ಕಾಲದ ರುಬ್ಬುವ ಗುಂಡು. ಗ್ರಾನೈಟ್ ನೆಲದ ಮೇಲೆ ಸ್ವಲ್ಪ ರವೆ ಉದುರಿಸಿ, ಗುಂಡನ್ನು ಅಡ್ಡ ಮಲಗಿಸಿ ಒಂದೇ ಸಲ ಜೋರಾಗಿ ಎಳೆಯಬೇಕು. ರವೆ ಇಲ್ಲದಿದ್ದರೆ ಜಾರುತ್ತದೆ, ಕೆರೆಯುವುದಿಲ್ಲ. ಫೋನನ್ನು ನೆಲದ ಮೇಲೆ ಮಡಚಿದ ಟವೆಲ್ ಮೇಲಿಟ್ಟು ರೆಕಾರ್ಡ್ ಮಾಡಿದೆ. ಆಡಾಸಿಟಿ ಎಂಬ ಸದ್ದಿನ ಸಾಫ್ಟ್‌ವೇರಿನಲ್ಲಿ ವೇಗ ಇಳಿಸಿದರೆ ಗುಂಡಿನ ತೂಕ ಹೆಚ್ಚಿದ ಹಾಗಾಗುತ್ತದೆ. ಮನೆಯವರು ಕೇಳಿದ್ದು ಒಂದೇ ಮಾತು: ನೆಲಕ್ಕೆ ಗೆರೆ ಬಿದ್ದರೆ ಯಾರು ಹೊಣೆ?

ಇಲ್ಲಿ ಒಂದು ತೊಡಕಿತ್ತು. ಕಪ್ಪು ಇರುವುದು ಕಾಲು ಸೆಕೆಂಡ್. ಅಷ್ಟರಲ್ಲಿ ಕೆರೆತದ ಸದ್ದು ಕಿವಿಗೆ ಬೀಳುವುದೇ ಕಷ್ಟ. ಸದ್ದನ್ನು ಉದ್ದ ಮಾಡಿದರೆ ಚಿತ್ರ ಬಂದ ಮೇಲೂ ಕೇಳುತ್ತದೆ. ಅಂದರೆ ನೋಡುತ್ತಿರುವಾಗಲೂ ಅದು ಚಲಿಸುತ್ತಿದೆ ಅಂತಾಯಿತು, ನಿಯಮ ಮುರಿಯಿತು. ಕೊನೆಗೆ ಕೆರೆತವನ್ನು ಆರು ಫ್ರೇಮ್‌ಗೆ ಸರಿಯಾಗಿ ಕತ್ತರಿಸಿ, ಅದರ ಪ್ರತಿಧ್ವನಿಯನ್ನು ಮಾತ್ರ ಚಿತ್ರದ ಮೇಲೆ ಹರಿಯಬಿಟ್ಟೆ. ಸದ್ದು ನಿಂತಿದೆ, ಕಾರಿಡಾರ್ ಇನ್ನೂ ಗುಂಯ್‌ಗುಡುತ್ತಿದೆ. ಕಲ್ಲು ಈಗಷ್ಟೇ ನಿಂತಿತು ಅನ್ನುವುದು ಕಿವಿಗೆ ಗೊತ್ತಾಗುತ್ತದೆ.

ಕುತ್ತಿಗೆಗೆ ಕಬ್ಬು. ಜಲ್ಲೆಗೆ ಒದ್ದೆ ಬಟ್ಟೆ ಸುತ್ತಿ ಗಿಣ್ಣಿನ ಹತ್ತಿರ ಮುರಿಯಬೇಕು. ಬಟ್ಟೆ ಇಲ್ಲದಿದ್ದರೆ ಬರೀ ಕಟ್ಟಿಗೆ ಮುರಿದ ಸದ್ದು. ಬಟ್ಟೆ ಇದ್ದರೆ ಅದರೊಳಗೆ ಮಾಂಸವಿದೆ.

ಮೂರನೇ ಕಂತು, 106

173 ನೋಡಿದರೆ ನಿಲ್ಲುತ್ತದೆ. ಎಸ್‌ಸಿಪಿ-106 ನಿಲ್ಲುವುದಿಲ್ಲ. ಕೊಳೆತ ಮೈಯ ಮುದುಕ, ಗೋಡೆ ತೂರಿ ನಿಧಾನಕ್ಕೆ ಬರುತ್ತಾನೆ, ಮುಟ್ಟಿದ್ದೆಲ್ಲ ಕಪ್ಪಾಗಿ ಕರಗುತ್ತದೆ. ಎರಡು ಕಂತಿನಲ್ಲಿ ನೋಡುವವರಿಗೆ ಕಲಿಸಿದ ನಿಯಮ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಈ ಕಂತಿನಲ್ಲಿ ಒಂದೂ ಕಪ್ಪು ಫ್ರೇಮ್ ಇಲ್ಲ. ಡಿ-9341 ಕಣ್ಣು ಬಿಟ್ಟುಕೊಂಡೇ ಇರುತ್ತಾನೆ, ಸುಮ್ನೆ.

ಗೋಡೆಯ ಮೇಲೆ ಹರಡುವ ಕಪ್ಪನ್ನು ಬಿಡಿಸಲಿಲ್ಲ. ಒದ್ದೆ ಕಾಗದದ ಮೇಲೆ ಇಂಡಿಯನ್ ಇಂಕ್ ತೊಟ್ಟಿಕ್ಕಿಸಿ ಫೋನಿನಲ್ಲಿ ಮೇಲಿಂದ ವಿಡಿಯೋ ತೆಗೆದೆ. ಬಣ್ಣ ತಿರುಗಿಸಿ ಮಾಸ್ಕ್ ಮಾಡಿದರೆ, ಅದು ಹರಡಿದಷ್ಟು ಜಾಗದಲ್ಲಿ ಕೊಳೆತ ಗೋಡೆಯ ಚಿತ್ರ ಕಾಣಿಸುತ್ತದೆ. ವಿಡಿಯೋವನ್ನೂ ಮೂರಕ್ಕೊಂದು ಫ್ರೇಮ್ ಮಾಡಿದೆ. ಇಲ್ಲದಿದ್ದರೆ ಕೈಯಲ್ಲಿ ಬಿಡಿಸಿದ ಮುದುಕನ ಪಕ್ಕದಲ್ಲಿ ಇಂಕ್ ಮಾತ್ರ ಅತಿ ನಯವಾಗಿ ಹರಿದು ಬೇರೆಯಾಗಿ ಕಾಣುತ್ತದೆ.

ಕತ್ತಲ ದೃಶ್ಯಗಳನ್ನು ಅಪ್‌ಲೋಡ್ ಮಾಡಿದಾಗ ಕಪ್ಪು ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. ತುಂಬಾ ನಯವಾದ ಕತ್ತಲನ್ನು ಕಂಪ್ರೆಶನ್ ಸಹಿಸುವುದಿಲ್ಲ. ಕೆಡೆನ್‌ಲೈವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಸಣ್ಣಗೆ ಗ್ರೇನ್, ಅಂದರೆ ಮರಳಿನಂಥ ಚುಕ್ಕೆ, ಸೇರಿಸಿ, ಬಿಟ್‌ರೇಟ್ ಏರಿಸಿದ ಮೇಲೆ ತಡೆದುಕೊಳ್ಳುವ ಮಟ್ಟಕ್ಕೆ ಬಂತು. ಫೋನಿನಲ್ಲಿ ಚೆನ್ನಾಗಿದೆ, ಹಳೇ ಟಿವಿಯಲ್ಲಿ ಇನ್ನೂ ಪಟ್ಟಿ ಕಾಣುತ್ತದೆ.

ಕೊನೆಯ ಕಾರ್ಡ್

ಗೇಮ್‌ನಲ್ಲಿ ಸತ್ತಾಗ ಒಂದು ಸಾಲಿನ ವರದಿ ಬರುತ್ತದೆ: ವ್ಯಕ್ತಿ ಡಿ-9341, ಸಾವಿಗೆ ಕಾರಣ ಇಂಥದ್ದು. ಅದನ್ನು ಹಾಗೇ ಇಟ್ಟುಕೊಂಡೆ, ಆದರೆ ನಮ್ಮ ಕಚೇರಿ ಪತ್ರದ ಧಾಟಿಗೆ ತಂದೆ. ಮೇಲೆ 'ವಿಷಯ', ಅದರ ಕೆಳಗೆ 'ಉಲ್ಲೇಖ', ಆಮೇಲೆ "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಸದರಿ ವ್ಯಕ್ತಿಯು ಕುತ್ತಿಗೆ ಮುರಿತದಿಂದ ಮೃತಪಟ್ಟಿರುವುದು ಕಂಡುಬಂದಿರುತ್ತದೆ. ಮಾಹಿತಿಗಾಗಿ." ಈ 'ಮಾಹಿತಿಗಾಗಿ' ಬಂದಾಗ ನೋಡಿದವರು ನಗುತ್ತಾರೆ. ನಕ್ಕು ಮುಗಿಯುವಷ್ಟರಲ್ಲಿ ಮತ್ತೆ ಸೆಲ್‌ನ ಬಾಗಿಲು ತೆರೆಯುವ ಸದ್ದು ಹಾಕಿದ್ದೇನೆ.

ಅಕ್ಷರಗಳನ್ನು ಇಂಕ್‌ಸ್ಕೇಪ್‌ನಲ್ಲಿ ಕೂರಿಸಿ ಚಿತ್ರ ಮಾಡಿ ತಂದೆ. ಹಳೇ ಕನ್ನಡ ಟೈಪ್‌ರೈಟರ್ ಪತ್ರಗಳಲ್ಲಿ ಒತ್ತಕ್ಷರ ಒಂಚೂರು ಕೆಳಗೆ, ಒಂಚೂರು ಪಕ್ಕಕ್ಕೆ ಕೂತಿರುತ್ತದೆ. ಅದನ್ನು ತರಲು ಪ್ರತಿ ಒತ್ತನ್ನೂ ಕೈಯಿಂದಲೇ ಸರಿಸಿದೆ. 'ಸಂಬಂಧಿಸಿದಂತೆ' ಅಂಥ ಪದ ಸಲೀಸು. 'ಮೃತಪಟ್ಟಿರುವುದು' ತಾಳ್ಮೆ ಪರೀಕ್ಷೆ ಮಾಡಿತು.

ಕೊನೆಗೆ ಹೆಸರುಗಳನ್ನು ತೋರಿಸುವ ಕಾರ್ಡಿನಲ್ಲಿ ಎಸ್‌ಸಿಪಿ ಬರಹಗಾರರ ಹೆಸರು, ಗೇಮ್‌ನ ಹೆಸರು, ಲೈಸೆನ್ಸ್, ನಾನು ಏನೇನು ಬದಲಿಸಿದೆ ಅನ್ನುವ ಒಂದು ಸಾಲು ಇವೆ. ಓಪನ್‌ಟೂನ್ಜ್ ಸೀನ್‌ಗಳು, ಬ್ಲೆಂಡರ್ ಕಾರಿಡಾರ್, ಪ್ರತಿಮೆಯ ಮಾಡೆಲ್, ರುಬ್ಬುವ ಗುಂಡಿನ ಮೂಲ ರೆಕಾರ್ಡಿಂಗ್ ಎಲ್ಲವನ್ನೂ ಕಂತುಗಳ ಜೊತೆಯೇ ಅದೇ ಲೈಸೆನ್ಸ್‌ನಲ್ಲಿ ಬಿಡುತ್ತಿದ್ದೇನೆ. ನಾಲ್ಕನೇ ಕಂತಿನಲ್ಲಿ ಅವನು ಗೇಟ್‌ವರೆಗೆ ಹೋಗುತ್ತಾನೆ. ಗೇಮ್‌ನಲ್ಲಿ ಗೇಟ್ ಎ ಮತ್ತು ಗೇಟ್ ಬಿ ಅಂತ ಎರಡು ದಾರಿಗಳಿವೆ. ಸದ್ಯಕ್ಕೆ ಎರಡರ ಸ್ಟೋರಿಬೋರ್ಡೂ ಬರೆದಿದ್ದೇನೆ, ಬಿಯಲ್ಲಿ ಹಗಲ ಬೆಳಕಿನ ಹಿನ್ನೆಲೆ ಜಾಸ್ತಿ ಬಿಡಿಸಬೇಕು, ಹಾಗಾಗಿ ಎ ಕಡೆ ಮನಸ್ಸು ವಾಲಿದೆ.